ಮಳೆಯ ಲೆಕ್ಕವೂ ಚುಕ್ಕೆಗಳ ಚಿತ್ರವೂ

ಹಾವೇರಿ ಸೀಮೆಯ ನಮ್ಮ ಅಗಡಿಯಲ್ಲಿ ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆದು ಬಿತ್ತನೆಗೆ ಹೊರಡುವುದು ಹಿಂದಿನಿಂದ ಬಂದ ರೂಢಿ. ಆ ನಂಬಿಕೆ ಕೈಕೊಟ್ಟಾಗ ಏನಾಗುವುದೆಂಬುದನ್ನು ಧಾರವಾಡ ಜಿಲ್ಲೆ 1876-78ರ ಬರಗಾಲದಲ್ಲಿ ಕಂಡಿತು.

ಅದರ ಮುನ್ನಾ ವರ್ಷವಷ್ಟೇ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಹುಡುಕಿದರು. 1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ದೂರದೇಶಗಳ ವಾಯುಭಾರ, ಉಷ್ಣತೆ, ಮಳೆಗಳ ನಡುವಿನ ಸಹಸಂಬಂಧಗಳನ್ನು ಲೆಕ್ಕಹಾಕಿಸಿದರು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಗುಮಾಸ್ತರು ಎಲ್ಲವನ್ನೂ ಕೈಯಿಂದಲೇ ಮಾಡಿದರು.

ಆದರೆ ಸಹಸಂಬಂಧವೆಂಬುದು ಒಂದೇ ಅಂಕಿ. ಅದು ಮುಚ್ಚಿಡುವುದನ್ನು ಚಿತ್ರ ತೋರಿಸುತ್ತದೆ. ಪೆಸಿಫಿಕ್ ಸಾಗರದ ಉಷ್ಣತೆಯನ್ನು ಅಡ್ಡಗೆರೆಯ ಮೇಲೂ ಭಾರತದ ಮಳೆಯನ್ನು ನಿಲುಗೆರೆಯ ಮೇಲೂ ಇಟ್ಟು, ವರ್ಷಕ್ಕೊಂದು ಚುಕ್ಕೆ ಹಾಕಿರಿ. ಸಾಗರ ಕಾದ ವರ್ಷಗಳ ಚುಕ್ಕೆಗಳು ಸಾಮಾನ್ಯವಾಗಿ ಕೆಳಗೆ ಇಳಿಯುತ್ತವೆ. 1997ರ ಚುಕ್ಕೆ ಮಾತ್ರ ಗುಂಪಿನಿಂದ ದೂರ ನಿಲ್ಲುತ್ತದೆ: ಎಲ್ ನಿನೋ ಅತಿ ಪ್ರಬಲ, ಮಳೆ ವಾಡಿಕೆಯಷ್ಟು. 2002ರಲ್ಲಿ ಎಲ್ ನಿನೋ ಅಷ್ಟು ಪ್ರಬಲವಲ್ಲ, ಕೊರತೆ ಮಾತ್ರ ಶೇಕಡಾ 19ರಷ್ಟು. ಹೀಗೆ ಗುಂಪು ಬಿಟ್ಟ ಚುಕ್ಕೆಗಳೇ ಹಿಂದೂ ಮಹಾಸಾಗರದ ಉಷ್ಣತೆಯಂಥ ಮೂರನೆಯ ಅಂಶವನ್ನೂ ನೋಡಿರೆಂದು ಒತ್ತಾಯಿಸುತ್ತವೆ.

ದೇಶದ ಸರಾಸರಿ ಅಗಡಿಯ ಹೊಲಕ್ಕೆ ಉತ್ತರವಲ್ಲ. ಮಲೆನಾಡಿನ ಸೆರಗಿನ ಹಾನಗಲ್ಲಿನ ಮಳೆಯೇ ಬೇರೆ, ರಾಣೆಬೆನ್ನೂರಿನದೇ ಬೇರೆ. 1988ರಲ್ಲಿ ಬರ ನಿರ್ವಹಣೆಗೆಂದು ಕರ್ನಾಟಕದಲ್ಲಿ ಹುಟ್ಟಿದ ಘಟಕ ಬೆಳೆದು, ಗ್ರಾಮ ಪಂಚಾಯತಿ ಮಟ್ಟದವರೆಗೆ ಮಳೆಮಾಪಕಗಳನ್ನು ತಂದಿತು. ಆ ಅಂಕಿಗಳನ್ನು ನಮ್ಮ ಶಾಲೆಯ ಮಕ್ಕಳು ಗ್ರಾಫ್ ಹಾಳೆಯ ಮೇಲೆ ಗುರುತಿಸಲಿ. ಸರಾಸರಿಯನ್ನು ನಂಬಿ ಬೀಜ ಹಾಕಿದ ರೈತನ ಸಾಲಕ್ಕೆ ಸರಾಸರಿ ಜಾಮೀನು ನಿಲ್ಲುವುದಿಲ್ಲ.