ಮ್ಯಾಂಟಲ್‌ನ ಘನ ಹರಿವು

ಮ್ಯಾಂಟಲ್‌ನ ಘನ ಹರಿವು ಎಂದರೆ ಭೂಮಿಯ ಮ್ಯಾಂಟಲ್ ಪದರದ ಶಿಲೆಯು ಕರಗದೆ, ಘನಸ್ಥಿತಿಯಲ್ಲಿಯೇ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ನಿಧಾನವಾಗಿ ಚಲಿಸುವ ಪ್ರಕ್ರಿಯೆ. ಭೂಕವಚದ ಕೆಳಗಿನಿಂದ ಸುಮಾರು 2,890 ಕಿ.ಮೀ. ಆಳದವರೆಗೆ ಇರುವ ಮ್ಯಾಂಟಲ್, ಭೂಮಿಯ ಒಟ್ಟು ಗಾತ್ರದ ಸುಮಾರು 84 ಪ್ರತಿಶತವನ್ನು ವ್ಯಾಪಿಸಿದೆ. ಇದನ್ನು ಕರಗಿದ ಶಿಲಾರಸದ ಸಾಗರವೆಂದು ಭಾವಿಸುವುದು ಸಾಮಾನ್ಯವಾದರೂ ಅದು ಸರಿಯಲ್ಲ.

ಘನಸ್ಥಿತಿಗೆ ಆಧಾರ

ಭೂಕಂಪದ ದ್ವಿತೀಯಕ ತರಂಗಗಳು (ಎಸ್ ತರಂಗಗಳು) ದ್ರವದಲ್ಲಿ ಚಲಿಸಲಾರವು. ದ್ರವರೂಪದ ಹೊರ ಕೇಂದ್ರಗೋಳವನ್ನು ಇವು ದಾಟುವುದಿಲ್ಲ; ಆದರೆ ಮ್ಯಾಂಟಲ್‌ನ ಮೂಲಕ ಹಾದುಹೋಗುತ್ತವೆ. ಆಳಕ್ಕೆ ಹೋದಂತೆ ತಾಪಮಾನ ಏರುತ್ತದೆಯಾದರೂ ಒತ್ತಡವು ಶಿಲೆಯ ಕರಗುವ ಬಿಂದುವನ್ನೂ ಏರಿಸುತ್ತದೆ. ಆದ್ದರಿಂದ ಮ್ಯಾಂಟಲ್ ಬಹುತೇಕ ಘನವಾಗಿಯೇ ಉಳಿದಿದೆ.

ಹರಿಯುವ ಬಗೆ

ಮೇಲಿನ ಮ್ಯಾಂಟಲ್‌ನ ಪ್ರಮುಖ ಖನಿಜ ಆಲಿವಿನ್. ಯಾವುದೇ ಹರಳಿನಲ್ಲಿಯೂ ಪರಮಾಣುಗಳ ಜೋಡಣೆ ಪರಿಪೂರ್ಣವಲ್ಲ. ಅದರಲ್ಲಿ ಖಾಲಿ ಸ್ಥಾನಗಳೂ ಸಾಲು ತಪ್ಪಿದ ಎಡೆಗಳೂ ಇರುತ್ತವೆ. ಅಧಿಕ ತಾಪಮಾನದಲ್ಲಿ ಪರಮಾಣುಗಳು ಖಾಲಿ ಸ್ಥಾನಗಳಿಗೆ ಸರಿಯುತ್ತವೆ, ಸಾಲು ತಪ್ಪಿದ ಎಡೆಗಳು ಹರಳಿನೊಳಗೆ ಮುಂದುವರಿಯುತ್ತವೆ. ಇಂತಹ ಅಸಂಖ್ಯ ಸರಿತಗಳು ಒಟ್ಟುಗೂಡಿ ಹರಳು ಒಡೆಯದೆ ಆಕಾರ ಬದಲಿಸುತ್ತದೆ. ಇದನ್ನು ಕ್ರೀಪ್ ಎನ್ನುತ್ತಾರೆ. ಅದೇ ಶಿಲೆಯು ಭೂಮಿಯ ಮೇಲ್ಮೈಯ ತಂಪಿನಲ್ಲಿ ಬಲಕ್ಕೆ ಸಿಲುಕಿದರೆ ಬಾಗುವ ಬದಲು ಬಿರುಕು ಬಿಡುತ್ತದೆ.

ಸ್ನಿಗ್ಧತೆ ಮತ್ತು ಕಾಲಮಾನ

ಮ್ಯಾಂಟಲ್‌ನ ಸರಾಸರಿ ಸ್ನಿಗ್ಧತೆ ಸುಮಾರು 10²¹ ಪಾಸ್ಕಲ್-ಸೆಕೆಂಡ್. ನೀರಿನದು ಸುಮಾರು 10⁻³ ಮಾತ್ರ. ಕೆಲವೇ ಸೆಕೆಂಡುಗಳಲ್ಲಿ ಹಾದುಹೋಗುವ ಭೂಕಂಪ ತರಂಗಕ್ಕೆ ಮ್ಯಾಂಟಲ್ ಗಟ್ಟಿಯಾದ ಸ್ಥಿತಿಸ್ಥಾಪಕ ವಸ್ತುವಿನಂತೆ ಪ್ರತಿಕ್ರಿಯಿಸುತ್ತದೆ. ಸಾವಿರಾರು ವರ್ಷ ಬೀಳುವ ಭಾರಕ್ಕೆ ದ್ರವದಂತೆ ಹರಿದು ಎಡೆಗೊಡುತ್ತದೆ.

ಸ್ಕ್ಯಾಂಡಿನೇವಿಯಾ ಇದಕ್ಕೆ ಪ್ರಸಿದ್ಧ ನಿದರ್ಶನ. ಸುಮಾರು 20,000 ವರ್ಷಗಳ ಹಿಂದೆ ಅಲ್ಲಿ ಕವಿದಿದ್ದ ಬೃಹತ್ ಹಿಮರಾಶಿಯ ಭಾರಕ್ಕೆ ನೆಲ ಕುಸಿದು, ಅಡಿಯ ಮ್ಯಾಂಟಲ್ ಶಿಲೆ ಪಕ್ಕಕ್ಕೆ ಸರಿದಿತ್ತು. ಹಿಮ ಕರಗಿ ಸಾವಿರಾರು ವರ್ಷಗಳಾದರೂ ಆ ಶಿಲೆ ಇನ್ನೂ ಮರಳುತ್ತಿದ್ದು, ಬೋತ್ನಿಯಾ ಕೊಲ್ಲಿಯ ತೀರದ ಕೆಲವೆಡೆ ನೆಲವು ವರ್ಷಕ್ಕೆ ಸುಮಾರು 9 ಮಿ.ಮೀ. ಮೇಲೇರುತ್ತಿದೆ. ಈ ಏರಿಕೆಯ ದಾಖಲೆಗಳನ್ನು ಆಧರಿಸಿ ನಾರ್ಮನ್ ಹ್ಯಾಸ್ಕೆಲ್ 1935ರಲ್ಲಿ ಮ್ಯಾಂಟಲ್‌ನ ಸ್ನಿಗ್ಧತೆಯನ್ನು ಅಂದಾಜಿಸಿದರು. ಅವರು ಪಡೆದ ಮೌಲ್ಯವು ಇಂದಿನ ಅಂದಾಜಿಗೆ ಹತ್ತಿರವಾಗಿದೆ.

ಸಂವಹನ ಮತ್ತು ಪರಿಣಾಮಗಳು

ಭೂಮಿಯ ರಚನೆಯ ಕಾಲದ ಶಾಖ ಹಾಗೂ ವಿಕಿರಣಶೀಲ ಧಾತುಗಳ ಕ್ಷಯದಿಂದ ಹುಟ್ಟುವ ಶಾಖ ಈ ಹರಿವಿಗೆ ಶಕ್ತಿ ಒದಗಿಸುತ್ತವೆ. ಬಿಸಿ ಶಿಲೆ ಹಿಗ್ಗಿ ಮೇಲೇರುತ್ತದೆ, ತಣಿದ ಶಿಲೆ ಮುಳುಗುತ್ತದೆ. ಖಂಡಗಳ ಚಲನೆಗೆ ಇಂತಹ ಸಂವಹನವೇ ಕಾರಣವಿರಬಹುದೆಂದು ಆರ್ಥರ್ ಹೋಮ್ಸ್ 1920ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದರು. ಭೂಫಲಕಗಳು ಈ ಸಂವಹನದ ತಣ್ಣನೆಯ ಮೇಲ್ಪದರವೆಂದೂ, ಮುಳುಗುವ ಫಲಕಗಳ ಸೆಳೆತವೇ ಅವುಗಳ ಚಲನೆಯ ಮುಖ್ಯ ಬಲವೆಂದೂ ಈಗ ತಿಳಿಯಲಾಗಿದೆ.

ಮೇಲೇರುವ ಶಿಲೆಯ ಮೇಲಿನ ಒತ್ತಡ ಇಳಿದಂತೆ ಕರಗುವ ಬಿಂದುವೂ ಇಳಿದು, ಅದರ ಸ್ವಲ್ಪ ಭಾಗ ಶಿಲಾರಸವಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೀಗೆ ಉಂಟಾದ ಶಿಲಾರಸವೇ ಹೊರಹರಿದು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಪದರಗಳಾಗಿದೆ. ಬೀದರ್, ಕಲಬುರಗಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಈ ಪದರಗಳ ಅಂಚನ್ನು ಕಾಣಬಹುದು.