ಶಾಲೆಯ ಬಾಗಿಲೂ ನ್ಯಾಯಪೀಠವೂ

1856ರಲ್ಲಿ ಧಾರವಾಡದ ಸರಕಾರಿ ಶಾಲೆಯು ಅಸ್ಪೃಶ್ಯವೆನಿಸಿದ್ದ ಮಹಾರ್ ಜಾತಿಯ ಬಾಲಕನೊಬ್ಬನಿಗೆ ಪ್ರವೇಶವನ್ನು ನಿರಾಕರಿಸಿದಾಗ, ಮುಂಬಯಿ ಸರಕಾರಕ್ಕೆ ಅವನು ಬರೆದುಕೊಂಡ ಬಿನ್ನಹವೂ ನಿಷ್ಫಲವಾಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವಾದರೋ, 1954ರಲ್ಲಿ ವರ್ಣಭೇದದ ಶಾಲೆಗಳನ್ನು ಸಂವಿಧಾನವಿರುದ್ಧವೆಂದು ಸಾರಿ, 1971ರಲ್ಲಿ ಮಕ್ಕಳನ್ನು ಬಸ್ಸುಗಳಲ್ಲಿ ದೂರದ ಶಾಲೆಗೆ ಒಯ್ದಾದರೂ ಬೆರೆಸುವ ಅಧಿಕಾರವು ನ್ಯಾಯಪೀಠಗಳಿಗುಂಟೆಂದು ನಿರ್ಣಯಿಸಿತು.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಖಾಸಗಿ ಶಾಲೆಗಳ ಶೇಕಡಾ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲರ ಮಕ್ಕಳಿಗೆ ತೆರೆಯಿತು; ಹತ್ತಿರದಲ್ಲಿ ಸರಕಾರಿ ಶಾಲೆಯಿದ್ದಲ್ಲಿ ಆ ಬಾಗಿಲನ್ನು ಮುಚ್ಚಿದ ರಾಜ್ಯದ ನಿಯಮವನ್ನು 2019ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇದರಿಂದ ಬಡವರ ಕೂಸನ್ನೂ ಧನಿಕರ ಕೂಸನ್ನೂ ಒಂದೇ ಮಣೆಯಲ್ಲಿ ಕೂರಿಸುವ ಅವಕಾಶವು ಕುಗ್ಗಿತು. ಆ ನಿಯಮ ಅನ್ಯಾಯದ್ದೆಂಬುದೇ ನನ್ನ ನಿಶ್ಚಿತ ಅಭಿಪ್ರಾಯ.