ದೇಹ, ಮನಸ್ಸು, ಆತ್ಮ: ಧರ್ಮಸಭೆಯ ಆರೈಕೆಯ ಪರಂಪರೆ

ಬಸವಕಲ್ಯಾಣದ ಮಗ್ಗುಲಲ್ಲಿರುವ ನಾರಾಯಣಪುರದಲ್ಲಿ ಹನ್ನೆರಡನೆಯ ಶತಮಾನದ ಶಿವಾಲಯವೊಂದಿದೆ. ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕವನ್ನು ಅದರ ಗೋಡೆಗಳ ಮೇಲೆ ಇಂದಿಗೂ ಕಾಣಬಹುದು. ಅದೇ ಶತಮಾನದಲ್ಲಿ, ಇದೇ ಕಲ್ಯಾಣದಲ್ಲಿ, ಶರಣರು ಕಲ್ಲಿನ ಗುಡಿಯಿಂದ ದೃಷ್ಟಿಯನ್ನು ತಿರುಗಿಸಿ ಮಾನವನ ದೇಹವನ್ನೇ ದೇಗುಲವೆಂದು ಸಾರಿದರು. ಅವರಿಗಿಂತ ಸಾವಿರ ವರ್ಷಗಳಿಗೂ ಹಿಂದೆ ಸಂತ ಪೌಲರು ಕೊರಿಂಥದ ಭಕ್ತರಿಗೆ ಪತ್ರ ಬರೆದು, ಅವರ ದೇಹವು ಪವಿತ್ರಾತ್ಮರ ಆಲಯವೆಂಬುದನ್ನು ನೆನಪಿಗೆ ತಂದಿದ್ದರು. ಈ ಎರಡು ಬೋಧನೆಗಳ ಹಿನ್ನೆಲೆ ಬೇರೆ, ಗುರಿ ಬೇರೆ. ಆದರೂ ಕಲ್ಯಾಣದ ನೆಲದಲ್ಲಿ ಬಾಳುವ ಕ್ರೈಸ್ತರಾದ ನಮಗೆ ದೇಹವನ್ನು ಹೀಗಳೆಯುವ ಹಕ್ಕು ಎರಡು ಕಡೆಯಿಂದಲೂ ಇಲ್ಲ.

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಕಟ್ಟಡದ ಇತಿಹಾಸವನ್ನು ಸ್ಮರಿಸುವುದು ಸಹಜ. ಆದರೆ ಧರ್ಮಸಭೆಯು ಕಟ್ಟಿದ ಇನ್ನೊಂದು ಆಲಯದ ಇತಿಹಾಸವೂ ಸ್ಮರಣೀಯವಾದುದು. ಅದು ರೋಗಿಯ ಆರೈಕೆಯ ಇತಿಹಾಸ. ದೇಹ, ಮನಸ್ಸು, ಆತ್ಮ ಎಂಬ ಮೂರನ್ನೂ ಸಮತೋಲನದಲ್ಲಿ ಕಾಪಾಡಬೇಕೆಂಬ ಬೋಧನೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಆಚರಣೆಯಲ್ಲಿ ಮಾತ್ರ ಮೂರಕ್ಕೂ ಸಮಾನವಾದ ಪಾಲು ದೊರೆಯಲಿಲ್ಲ. ಆತ್ಮಕ್ಕೆ ಗುಡಿ ಕಟ್ಟಿದೆವು, ದೇಹಕ್ಕೆ ಆಸ್ಪತ್ರೆ ಕಟ್ಟಿದೆವು, ಮನಸ್ಸಿನ ಬಾಗಿಲಿಗೆ ಬಹಳ ತಡವಾಗಿ ಬಂದೆವು.

ಪವಿತ್ರ ಗ್ರಂಥದಲ್ಲಿ ಈ ತಾರತಮ್ಯ ಕಾಣುವುದಿಲ್ಲ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯನ ವೃತ್ತಾಂತವಿದೆ. ಬೆದರಿ, ದಣಿದು, ಬದುಕೇ ಸಾಕೆಂದು ಆತನು ಅಡವಿಯಲ್ಲಿ ಜಾಲಿಗಿಡದ ಕೆಳಗೆ ಮಲಗಿ ಮರಣವನ್ನು ಬೇಡಿದನು. ದೇವರು ಆತನನ್ನು ಗದರಿಸಲಿಲ್ಲ. ವಿಶ್ವಾಸ ಸಾಲದೆಂದು ಹಳಿಯಲೂ ಇಲ್ಲ. ದೇವದೂತನು ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಲು ಬಿಟ್ಟನು. ಮತ್ತೊಮ್ಮೆ ಎಬ್ಬಿಸಿ ಉಣಿಸಿದನು. ದೇವರ ಸೂಕ್ಷ್ಮ ಸ್ವರ ಆತನಿಗೆ ಕೇಳಿಸಿದ್ದು ಆ ಬಳಿಕ, ನಲವತ್ತು ದಿನಗಳ ಪ್ರಯಾಣದ ಕೊನೆಯಲ್ಲಿ. ಮೊದಲು ಅನ್ನ, ನಿದ್ರೆ, ಆಮೇಲೆ ಉಪದೇಶ. ಮನನೊಂದವರನ್ನು ಉಪಚರಿಸುವ ಕ್ರಮ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ನಿರೂಪಿತವಾಗಿದೆ?

ಕ್ರಿಸ್ತ ಪ್ರಭುವಿನ ನಡೆಯೂ ಅಂತಹುದೇ. ಪಾರ್ಶ್ವವಾಯು ಪೀಡಿತನಿಗೆ ಪಾಪಕ್ಷಮೆಯನ್ನು ನೀಡಿ, ಅಷ್ಟಕ್ಕೇ ನಿಲ್ಲದೆ ಅವನನ್ನು ಎದ್ದು ನಡೆಯುವಂತೆ ಮಾಡಿದರು. ಯಾಯಿರನ ಮಗಳನ್ನು ಬದುಕಿಸಿದ ಮರುಗಳಿಗೆಯಲ್ಲಿ ಅವಳಿಗೆ ತಿನ್ನಲು ಏನಾದರೂ ಕೊಡಿರೆಂದು ಹೇಳುವುದನ್ನು ಮರೆಯಲಿಲ್ಲ. ಸಮಾಧಿಗಳ ನಡುವೆ ಸರಪಳಿಗಳನ್ನು ಹರಿದುಕೊಂಡು ಅಲೆಯುತ್ತಿದ್ದ ಮನುಷ್ಯನು ಪ್ರಭುವಿನ ಬಳಿ ಬಟ್ಟೆಯುಟ್ಟು, ಸ್ವಸ್ಥಬುದ್ಧಿಯಿಂದ ಕುಳಿತನು. ಬಳಿಕ ಅವನನ್ನು ಅವನ ಮನೆಯವರ ಬಳಿಗೇ ಕಳುಹಿಸಿದರು. ಇನ್ನು ಸಿರಾಖನ ಗ್ರಂಥವು ವೈದ್ಯನನ್ನು ಗೌರವಿಸಬೇಕೆಂದೂ, ಮೊದಲು ಪ್ರಾರ್ಥಿಸಿ ತರುವಾಯ ವೈದ್ಯನಿಗೂ ಎಡೆಗೊಡಬೇಕೆಂದೂ ವಿಧಿಸುತ್ತದೆ. ಪ್ರಾರ್ಥನೆಗೂ ಔಷಧಕ್ಕೂ ವಿರೋಧವನ್ನು ಕಲ್ಪಿಸಿದವರು ನಾವೇ ಹೊರತು ಪವಿತ್ರ ಗ್ರಂಥವಲ್ಲ.

ಈ ಬೋಧನೆಯನ್ನು ಧರ್ಮಸಭೆಯು ಬೇಗನೆ ಕಾರ್ಯರೂಪಕ್ಕೆ ತಂದಿತು. ನಾಲ್ಕನೆಯ ಶತಮಾನದಲ್ಲಿ ಸಂತ ಬಾಸಿಲರು ಸೆಸರೇಯ ನಗರದ ಹೊರವಲಯದಲ್ಲಿ ಬಡವರಿಗೆ, ಪರದೇಶಿಗಳಿಗೆ, ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ನಿರ್ಮಿಸಿದರು. ಮನೋರೋಗಿಗಳ ಪಾಡು ಮಾತ್ರ ಶತಮಾನಗಳ ಕಾಲ ದಾರುಣವಾಗಿಯೇ ಉಳಿಯಿತು. ಅದನ್ನು ಸ್ವಂತ ಮೈಮೇಲೆ ಅನುಭವಿಸಿದ ಸಂತರೊಬ್ಬರಿದ್ದಾರೆ. 1495ರಲ್ಲಿ ಪೋರ್ಚುಗಲ್ ದೇಶದಲ್ಲಿ ಜನಿಸಿದ ಯೋವಾನ್ನರು ಕುರಿಗಾಹಿಯಾಗಿ, ಸೈನಿಕರಾಗಿ, ಕಡೆಗೆ ಸ್ಪೇನಿನ ಗ್ರಾನಡ ನಗರದಲ್ಲಿ ಪುಸ್ತಕ ವ್ಯಾಪಾರಿಯಾಗಿ ಬಾಳಿದವರು. ಒಂದು ಪ್ರಬೋಧನೆಯನ್ನು ಕೇಳಿ ಪಶ್ಚಾತ್ತಾಪದಿಂದ ಬೀದಿಯಲ್ಲಿ ಹೊರಳಾಡಿದಾಗ ಜನರು ಅವರನ್ನು ಹುಚ್ಚರೆಂದು ಬಗೆದು ರಾಜರ ಆಸ್ಪತ್ರೆಗೆ ಸೇರಿಸಿದರು. ಚಾವಟಿಯ ಏಟೇ ಅಲ್ಲಿ ಅಂದಿನ ಚಿಕಿತ್ಸೆಯಾಗಿತ್ತು. ಬಿಡುಗಡೆಯಾದ ಮೇಲೆ ಅವರು ತಾವೇ ಆಸ್ಪತ್ರೆಯೊಂದನ್ನು ತೆರೆದು, ಯಾರೂ ಮುಟ್ಟದವರನ್ನು ಬೆನ್ನಿನ ಮೇಲೆ ಹೊತ್ತು ತಂದು ಸಲಹಿದರು. 1550ರಲ್ಲಿ ದೈವಾಧೀನರಾದ ಈ ಮಹನೀಯರೇ ‘ದೇವರ ಸಂತ ಯೋವಾನ್ನ’ರೆಂದು ಪ್ರಖ್ಯಾತರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಅವರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರೆಂದು ಘೋಷಿಸಿದರು.

ಅದೇ 1886ರಲ್ಲಿ ನಮ್ಮ ಕನ್ನಡ ನಾಡಿನ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದರು. ಅದಕ್ಕೂ ಮೊದಲೇ ಕರಾವಳಿಯಲ್ಲಿ ಬೀಜ ಬಿದ್ದಿತ್ತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಅವರು ಕಂಕನಾಡಿಯ ಗುಡ್ಡದಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ತೊಡಗಿದರು. ಆಲದ ಮರದ ಕೆಳಗೆ ಕುಳಿತು ರೋಗಿಗಳನ್ನು ನೋಡುತ್ತಿದ್ದರೆಂಬುದು ಅಲ್ಲಿನ ಜನರ ನೆನಪು. 1890ರಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠಧಾಮ ಮೇಲೆದ್ದಿತು. 1902ರಲ್ಲಿ ಪ್ಲೇಗು ಪೀಡಿತರಿಗೆ ಪ್ರತ್ಯೇಕ ಆಸ್ಪತ್ರೆಯಾಯಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅಂದಿನ ಚಿಕಿತ್ಸಾ ಪದ್ಧತಿಯ ಗುಣಾವಗುಣಗಳ ವಿಚಾರ ಬೇರೆ. ಊರು ಹೊರಗಿಟ್ಟವನನ್ನು ಒಳಗೆ ಕರೆದುದು, ಅವನ ಹುಣ್ಣನ್ನು ತೊಳೆಯುವಾಗ ಅವನ ಹೆಸರನ್ನು ಕೇಳಿದುದು, ಇದು ಅವರು ಬಿಟ್ಟುಹೋದ ಆಸ್ತಿ. ಹೆಸರು ಹಿಡಿದು ಕರೆಸಿಕೊಂಡ ರೋಗಿಗೆ ಅರ್ಧ ಜೀವ ಮರಳಿ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೇವೆ ಇನ್ನೂ ವಿಸ್ತರಿಸಿತು. 1936ರಲ್ಲಿ ರೋಮಿನ ಅಪ್ಪಣೆಯಿಂದ ಕನ್ಯಾಸ್ತ್ರೀಯರಿಗೆ ವೈದ್ಯವೃತ್ತಿಯೂ ಹೆರಿಗೆಯ ಶುಶ್ರೂಷೆಯೂ ಮುಕ್ತವಾದವು. ಗುಂಟೂರಿನಲ್ಲಿ ಸೇವೆ ಸಲ್ಲಿಸಿದ ಆಸ್ಟ್ರೇಲಿಯದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಕ್ಕೆ ಅಡಿಪಾಯವಿಟ್ಟರು. 1963ರಲ್ಲಿ ಬೆಂಗಳೂರಿನಲ್ಲಿ ಸಂತ ಯೋವಾನ್ನರ ವೈದ್ಯಕೀಯ ಕಾಲೇಜು ತೆರೆಯಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಅಭ್ಯಂಗ ಸಂಸ್ಕಾರದ ವಿಧಿಯನ್ನು ನವೀಕರಿಸಿದರು. ಅಲ್ಲಿಯವರೆಗೆ ಅದು ಜನರ ಬಾಯಲ್ಲಿ ‘ಅಂತ್ಯಾಭ್ಯಂಗ’ವಾಗಿತ್ತು. ಗುರುಗಳು ತೈಲದೊಡನೆ ಬಂದರೆಂದರೆ ಮನೆಯವರು ಅಳಲಾರಂಭಿಸುತ್ತಿದ್ದರು. ಈಗ ಅದು ಅಸ್ವಸ್ಥರ ಅಭ್ಯಂಗ. ಅದರ ಉದ್ದೇಶ ಸಾವಿಗೆ ಸಿದ್ಧಪಡಿಸುವುದಷ್ಟೇ ಅಲ್ಲ, ರೋಗಿಗೆ ಬಲವನ್ನೂ ಸಮಾಧಾನವನ್ನೂ ಕೊಡುವುದು.

ಇನ್ನು ಮನಸ್ಸಿನ ಮಾತು. ಈ ವಿಷಯದಲ್ಲಿ ನಾವು ಆತ್ಮಶೋಧನೆ ಮಾಡಿಕೊಳ್ಳುವುದು ಅಗತ್ಯ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೆರೆಯವರಿಗೆ ತಿಳಿಸುತ್ತೇವೆ, ಹುಮನಾಬಾದಿಗೋ ಕಲಬುರಗಿಗೋ ಕರೆದೊಯ್ಯುತ್ತೇವೆ, ಬಲಿಪೂಜೆಯಲ್ಲಿ ಅವರ ಹೆಸರನ್ನು ಹೇಳಿಸುತ್ತೇವೆ. ಅದೇ ಮನೆಯ ಮಗಳು ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ಗೋಡೆಗೆ ಮುಖಮಾಡಿ ಕುಳಿತರೆ ಬಾಗಿಲನ್ನು ಮುಚ್ಚುತ್ತೇವೆ. ಮಾಟವೆನ್ನುತ್ತೇವೆ, ಗಾಳಿ ಸೋಕಿತೆನ್ನುತ್ತೇವೆ. ಹೊಲದ ಸಾಲ ಹೊತ್ತ ಗಂಡಸು ಮಾತು ಬಿಟ್ಟರೆ ಸೋಮಾರಿಯೆನ್ನುತ್ತೇವೆ. ಕೆಲವರಂತೂ ವಿಶ್ವಾಸವಿದ್ದವರಿಗೆ ಗುಳಿಗೆ ಏಕೆಂದು ಕೇಳಿ, ವೈದ್ಯರು ಕೊಟ್ಟ ಔಷಧವನ್ನು ಬಿಡಿಸಿದ್ದೂ ಉಂಟು. ಇದು ಧರ್ಮಸಭೆಯ ಬೋಧನೆಯಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು, ದೆವ್ವ ಬಿಡಿಸುವ ವಿಧಿಗೆ ಮುನ್ನ ಅದು ರೋಗವಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂದೂ, ಮನೋರೋಗದ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದುದೆಂದೂ ಸ್ಪಷ್ಟಪಡಿಸಿದೆ. ಆ ವಿಧಿಯನ್ನು ನಡೆಸಲು ಧರ್ಮಾಧ್ಯಕ್ಷರ ಅನುಮತಿ ಪಡೆದ ಗುರುವಿಗಲ್ಲದೆ ಬೇರೆಯವರಿಗೆ ಅಧಿಕಾರವಿಲ್ಲ.

ಧರ್ಮಸಭೆಯೂ ಕಾಲಕ್ರಮದಲ್ಲಿ ತನ್ನ ವಿಧಿಗಳನ್ನು ತಿದ್ದಿಕೊಂಡಿತು. 1917ರ ಸಂಹಿತೆಯು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಜೀವದಾತರು ದೇವರೇ ಎಂಬ ಬೋಧನೆಯು ಬದಲಾಗಲಿಲ್ಲ. ಆದರೆ ತೀವ್ರ ಮನೋವ್ಯಥೆಯು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುವುದೆಂದೂ, ಹಾಗೆ ಅಗಲಿದವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ದೇಶದ ಕಾನೂನೂ ಇದೇ ದಿಕ್ಕಿನಲ್ಲಿ ನಡೆದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದು ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು.

ಮಾನಸಿಕ ಚಿಕಿತ್ಸೆ ದೊಡ್ಡ ನಗರಗಳ ಸೊತ್ತೆಂದು ಭಾವಿಸಬೇಕಾಗಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಔಷಧ ಕೊಡುವ ತರಬೇತಿಯಿತ್ತಿತು. ಬಿಸಿಲು ನಾಡಿನ ಹಳ್ಳಿಗಳಲ್ಲಿ ಫಲಿಸಿದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಯಾರು ಬೇಕಾದರೂ ಉಚಿತವಾಗಿ ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ದೇವಾಲಯದ ಸೂಚನಾ ಫಲಕದಲ್ಲಿ ಪೂಜಾವೇಳೆಯ ಪಕ್ಕದಲ್ಲಿಯೇ ಬರೆದಿಡುವುದು ಯೋಗ್ಯ.

ಹಾಗಾದರೆ ಧರ್ಮಕೇಂದ್ರದ ಭಕ್ತರಾದ ನಮ್ಮ ಪಾಲಿನ ಕರ್ತವ್ಯವೇನು? ನಾವು ವೈದ್ಯರಾಗಬೇಕಾಗಿಲ್ಲ. ರೋಗವನ್ನು ರೋಗವೆಂದು ಒಪ್ಪಿಕೊಂಡರೆ ಸಾಕು. ತಪಸ್ಸುಕಾಲದ ಉಪವಾಸವು ಆತ್ಮಕ್ಕೆ ಹಿತಕರವೆಂದು ಬಲ್ಲ ನಾವು, ಔಷಧ ಸೇವಿಸುವವನ ಮೇಲೆ ಉಪವಾಸವನ್ನು ಹೇರದಿರಬೇಕು. ದುಡಿಮೆಗೆಂದು ಹೈದರಾಬಾದಿಗೋ ಮುಂಬಯಿಗೋ ಹೋದ ಮಗನ ತಂದೆತಾಯಿಗಳ ಮನೆಗೆ ವಾರಕ್ಕೊಮ್ಮೆ ಹೋಗಿ ಕುಳಿತುಬರಬೇಕು. ಪಾಪನಿವೇದನೆಯು ಪಾಪದ ಭಾರವನ್ನು ಇಳಿಸುತ್ತದೆ. ಪಾಪವಲ್ಲದ ದುಃಖದ ಭಾರವನ್ನು ಇಳಿಸಲು ಕೇಳುವ ಕಿವಿಯೊಂದು ಬೇಕು. ಆ ಕಿವಿ ನಮ್ಮದಾಗಲಿ. ಬೆಥಾನಿಯದ ಮನೆಯಲ್ಲಿ ಉಣಬಡಿಸುವ ಮಾರ್ತಳೂ ಇದ್ದಳು, ಪಾದದ ಬಳಿ ಕುಳಿತು ಆಲಿಸುವ ಮರಿಯಳೂ ಇದ್ದಳು. ರೋಗಿಯ ಮನೆಗೆ ಇಬ್ಬರೂ ಬೇಕು.

2005ರಲ್ಲಿ ರಚನೆಯಾದ ಗುಲ್ಬರ್ಗ ಧರ್ಮಕ್ಷೇತ್ರ ಇನ್ನೂ ಎಳೆಯದು. ನಮ್ಮ ಸೀಮೆಯ ಕ್ರೈಸ್ತರ ಸಂಖ್ಯೆಯೂ ಅಲ್ಪ. ಆದರೆ ಕಂಕನಾಡಿಯ ಕಾರ್ಯವೂ ಒಂದು ಮರದ ನೆರಳಿನಲ್ಲಿಯೇ ಆರಂಭವಾಯಿತೆಂಬುದನ್ನು ಮರೆಯದಿರೋಣ. ನಾರಾಯಣಪುರದಿಂದ ಹುಮನಾಬಾದಿನವರೆಗೆ ಎಷ್ಟು ಹೊಲಗಳ ಬದುವಿನಲ್ಲಿ ಜಾಲಿಗಿಡಗಳಿವೆ! ಅವುಗಳ ಕೆಳಗೆ ಎಲೀಯನಂತೆ ಬದುಕು ಬೇಸತ್ತು ಕುಳಿತವರೂ ಇದ್ದಾರು. ಅವರ ಬಳಿಗೆ ರೊಟ್ಟಿಯನ್ನೂ ನೀರನ್ನೂ ಒಯ್ಯುವ ಕೆಲಸವನ್ನು ದೇವರು ಈಗ ನಮಗೆ ಒಪ್ಪಿಸಿದ್ದಾರೆ. ನೂರು ವರ್ಷಗಳ ಕೃಪೆಗೆ ನಾವು ಸಲ್ಲಿಸಬಹುದಾದ ಕೃತಜ್ಞತೆಯ ಕಾಣಿಕೆ ಅದೇ ಆಗಿರಲಿ.